ಹೊರಡುವ ಮುನ್ನವೇ ಆರಂಭವಾಗುವ ಮರುಪ್ರಯಾಣ

ಸಾಕುನಾಯಿ ಅಥವಾ ಸಾಕುಬೆಕ್ಕಿನೊಡನೆ ವಿದೇಶಕ್ಕೆ ಹೋಗಿ ಮತ್ತೆ ಹಿಂದಿರುಗುವ ಕುಟುಂಬಗಳು ಪಾಲಿಸಬೇಕಾದ ನಿಯಮಗಳು ಮೇಲ್ನೋಟಕ್ಕೆ ಅಂಕಿಗಳ ಗೋಜಲಿನಂತೆ ಕಾಣುತ್ತವೆ. ಲಸಿಕೆ ಹಾಕಿಸಿದ ಮೇಲೆ 21 ದಿನ ಕಾಯಬೇಕು ಎಂದು ಒಂದು ದೇಶ ಹೇಳಿದರೆ 28 ದಿನ ಎಂದು ಮತ್ತೊಂದು ಹೇಳುತ್ತದೆ. ರಕ್ತಪರೀಕ್ಷೆಯಾದ ಬಳಿಕ ಮೂರು ತಿಂಗಳ ಕಾಯುವಿಕೆ ಸಾಕೆಂದು ಯುರೋಪು ಒಪ್ಪಿಕೊಂಡರೆ 180 ದಿನ ಕಳೆಯಲೇಬೇಕೆಂದು ಜಪಾನ್ ಪಟ್ಟು ಹಿಡಿಯುತ್ತದೆ. ಈ ಅಂಕಿಗಳನ್ನು ಯಾವುದೋ ಕಚೇರಿಯಲ್ಲಿ ಕುಳಿತವರು ಮನಬಂದಂತೆ ಗೀಚಿದ್ದಾರೆಂದು ಪ್ರಯಾಣದ ಗಡಿಬಿಡಿಯಲ್ಲಿರುವ ಮನೆಮಂದಿಗೆ ಅನ್ನಿಸಿದರೆ ಅದು ಅಸಹಜವಲ್ಲ. ಆದರೆ ಅವುಗಳ ಪೈಕಿ ಮುಖ್ಯವಾದ ಪ್ರತಿಯೊಂದು ಅಂಕಿಯ ಹಿಂದೆಯೂ ರೇಬೀಸ್ ಎಂಬ ಒಂದೇ ರೋಗದ ನಡೆ ಇದೆ. ಆ ರೋಗ ದೇಹದೊಳಗೆ ಎಷ್ಟು ದಿನ ಅಡಗಿರಬಲ್ಲದು, ಲಸಿಕೆ ಎಷ್ಟು ದಿನಕ್ಕೆ ಫಲ ಕೊಡುತ್ತದೆ ಎಂಬ ಲೆಕ್ಕವೇ ನಿಯಮದ ರೂಪ ತಾಳಿದೆ. ಈ ಲೆಕ್ಕವನ್ನು ಅರಿತವರಿಗೆ ಇನ್ನೊಂದು ಮಾತೂ ತಾನಾಗಿ ಹೊಳೆಯುತ್ತದೆ: ಮರಳಿ ಬರುವಾಗ ತೋರಿಸಬೇಕಾದ ಕಾಗದಗಳಲ್ಲಿ ಬಹುಪಾಲು ಮನೆಯಿಂದ ಹೊರಡುವ ಮೊದಲೇ ಸಿದ್ಧವಾಗಬೇಕಾದವು.

ರೇಬೀಸ್ ಅಥವಾ ಹುಚ್ಚುನಾಯಿ ರೋಗವು ಸೋಂಕಿತ ಪ್ರಾಣಿಯ ಜೊಲ್ಲಿನ ಮೂಲಕ, ಬಹುಮಟ್ಟಿಗೆ ಕಡಿತದಿಂದ, ಹರಡುವ ವೈರಾಣುರೋಗ. ಬೇರೆ ಅನೇಕ ವೈರಾಣುಗಳಂತೆ ಇದು ರಕ್ತದಲ್ಲಿ ಸೇರಿ ಮೈಯೆಲ್ಲ ಹಬ್ಬುವುದಿಲ್ಲ. ಕಚ್ಚಿದ ಜಾಗದ ಸ್ನಾಯುವಿನಿಂದ ನರದೊಳಕ್ಕೆ ಇಳಿದು, ನರದ ಗುಂಟ ನಿಧಾನವಾಗಿ ಮಿದುಳಿನತ್ತ ಸಾಗುತ್ತದೆ. ಕಡಿತವಾದ ದಿನಕ್ಕೂ ಮೊದಲ ಲಕ್ಷಣ ಕಾಣುವ ದಿನಕ್ಕೂ ನಡುವಿನ ಈ ಅವಧಿಗೆ ಸುಪ್ತಾವಧಿ ಎಂದು ಹೆಸರು. ನಾಯಿಗಳಲ್ಲಿ ಇದು ಸಾಮಾನ್ಯವಾಗಿ ಕೆಲವು ವಾರಗಳಿಂದ ಕೆಲವು ತಿಂಗಳವರೆಗೆ ಇರುತ್ತದೆ, ಅಪರೂಪಕ್ಕೆ ಆರು ತಿಂಗಳನ್ನೂ ದಾಟುತ್ತದೆ. ಈ ಅವಧಿಯುದ್ದಕ್ಕೂ ನಾಯಿ ಉಣ್ಣುತ್ತದೆ, ಆಡುತ್ತದೆ, ಬಾಲವಲ್ಲಾಡಿಸುತ್ತದೆ. ಅದರೊಳಗೆ ರೋಗವಿದೆಯೆಂದು ಖಚಿತವಾಗಿ ಹೇಳಬಲ್ಲ ಪರೀಕ್ಷೆ ಇಲ್ಲ, ಏಕೆಂದರೆ ನಿಶ್ಚಿತವಾದ ಪರೀಕ್ಷೆ ನಡೆಯುವುದು ಪ್ರಾಣಿ ಸತ್ತ ಮೇಲೆ, ಮಿದುಳಿನ ತುಣುಕಿನ ಮೇಲೆ. ಲಕ್ಷಣಗಳು ಕಾಣಿಸಿಕೊಂಡ ಬಳಿಕವಂತೂ ಪ್ರಾಣಿಯಲ್ಲಾಗಲಿ ಮನುಷ್ಯರಲ್ಲಾಗಲಿ ಸಾವು ಬಹುತೇಕ ತಪ್ಪಿದ್ದಲ್ಲ.

ಹೀಗಾಗಿ ಗಡಿಯಲ್ಲಿ ನಿಂತ ಅಧಿಕಾರಿಯ ಮುಂದೆ ಆರೋಗ್ಯವಾಗಿ ಕಾಣುವ ನಾಯಿಯೊಂದು ಬಂದಾಗ, ಅದನ್ನು ಕಣ್ಣಿನಿಂದ ನೋಡಿ ನಿರ್ಣಯಿಸುವ ದಾರಿಯೇ ಅವರಿಗೆ ಇರುವುದಿಲ್ಲ. ಅವರು ಆಶ್ರಯಿಸಬಹುದಾದದ್ದು ಎರಡನ್ನು ಮಾತ್ರ: ಒಂದು, ಸುಪ್ತಾವಧಿ ಕಳೆಯುವಷ್ಟು ಕಾಲ; ಇನ್ನೊಂದು, ಲಸಿಕೆ ಹಾಕಲಾಗಿದೆ ಮತ್ತು ಅದು ಫಲಿಸಿದೆ ಎಂಬುದಕ್ಕೆ ನಂಬಬಹುದಾದ ದಾಖಲೆ. ಸಾಕುಪ್ರಾಣಿಗಳ ಪ್ರಯಾಣವನ್ನು ಕುರಿತ ನಿಯಮಗಳ ಇತಿಹಾಸವೆಲ್ಲ ಕಾಲವನ್ನು ನಂಬುವುದರಿಂದ ದಾಖಲೆಯನ್ನು ನಂಬುವುದರತ್ತ ಸಾಗಿಬಂದ ಇತಿಹಾಸ.

ಈ ಸಾಗುವಿಕೆ ಬ್ರಿಟನ್ನಿನಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆಡೆ ಕಾಣುವುದು ಕಷ್ಟ. ಸುತ್ತ ಸಮುದ್ರವಿರುವ ಆ ದೇಶ ನಾಯಿಗಳ ಬಾಯಿಗೆ ಕುಕ್ಕೆ ಕಟ್ಟಿಸುವ ಮತ್ತು ಆಮದನ್ನು ಬಿಗಿಗೊಳಿಸುವ ಕ್ರಮಗಳಿಂದ 1902ರ ಹೊತ್ತಿಗೆ ರೇಬೀಸನ್ನು ತೊಡೆದುಹಾಕಿತ್ತು. ಹೊರಗಿನಿಂದ ಬರುವ ನಾಯಿಗೆ ಆರು ತಿಂಗಳ ಕ್ವಾರಂಟೈನ್, ಅಂದರೆ ಬೇರೆ ಪ್ರಾಣಿಗಳ ಸಂಪರ್ಕವಿಲ್ಲದಂತೆ ಪ್ರತ್ಯೇಕವಾಗಿ ಇರಿಸುವ ಕ್ರಮ, ಜಾರಿಯಲ್ಲಿತ್ತು. ಮೊದಲ ಮಹಾಯುದ್ಧ ಮುಗಿದು ಸೈನಿಕರು ತಾಯ್ನಾಡಿಗೆ ಮರಳುವಾಗ ಯುದ್ಧಭೂಮಿಯಲ್ಲಿ ಜೊತೆಯಾಗಿದ್ದ ನಾಯಿಗಳನ್ನು ಕದ್ದುಮುಚ್ಚಿ ತಂದರೆಂದೂ, ಅವುಗಳೊಡನೆ 1918ರಲ್ಲಿ ರೋಗ ಮತ್ತೆ ಕಾಲಿಟ್ಟಿತೆಂದೂ ಆ ದೇಶದ ಪಶುವೈದ್ಯ ಇತಿಹಾಸ ಹೇಳುತ್ತದೆ. ಅದನ್ನು ಪುನಃ ನಿರ್ಮೂಲ ಮಾಡಲು 1922ರವರೆಗೆ ಶ್ರಮಿಸಬೇಕಾಯಿತು. ಕಷ್ಟದಲ್ಲಿ ಜೊತೆ ಕೊಟ್ಟ ಪ್ರಾಣಿಯನ್ನು ಬಿಟ್ಟುಬರಲಾರದ ಮನುಷ್ಯಪ್ರೀತಿಯೇ ಅಲ್ಲಿ ರೋಗಕ್ಕೆ ಹಾದಿಯಾಯಿತೆಂಬುದನ್ನು ಮರೆಯುವಂತಿಲ್ಲ.

ಆರು ತಿಂಗಳ ಕೂಡಿಹಾಕುವಿಕೆಯೂ ಪೂರ್ತಿ ಭದ್ರವಾಗಿರಲಿಲ್ಲ. 1969ರಲ್ಲಿ ಸರ್ರೆ ಪ್ರಾಂತದ ಕ್ಯಾಂಬರ್ಲಿ ಎಂಬಲ್ಲಿ, ಜರ್ಮನಿಯಿಂದ ತರಲಾಗಿದ್ದ ನಾಯಿಯೊಂದು ಕ್ವಾರಂಟೈನ್ ಅವಧಿಯನ್ನು ಪೂರ್ತಿ ಮುಗಿಸಿ ಮನೆ ಸೇರಿದ ಕೆಲವೇ ದಿನಗಳಲ್ಲಿ ರೇಬೀಸ್ ಲಕ್ಷಣಗಳನ್ನು ತೋರಿತು. ರೋಗ ಕಾಡಿಗೆ ಹರಡೀತೆಂಬ ಭಯದಿಂದ ಸುತ್ತಲಿನ ಕಾಡುಪ್ರದೇಶದಲ್ಲಿ ನರಿಗಳನ್ನು ಬೇಟೆಯಾಡಿ ಕೊಲ್ಲಲಾಯಿತು. ಮರುವರ್ಷ ನ್ಯೂಮಾರ್ಕೆಟ್ ಪಟ್ಟಣದಲ್ಲಿ, ಪಾಕಿಸ್ತಾನದಿಂದ ತಂದ ನಾಯಿಯ ವಿಷಯದಲ್ಲಿ ಇದೇ ಮರುಕಳಿಸಿತು. ಕೂಡಿಹಾಕುವುದರಿಂದ ಕಾಲ ಕಳೆಯುತ್ತದೆಯೇ ಹೊರತು ಪ್ರಾಣಿಗೆ ರಕ್ಷಣೆ ಬರುವುದಿಲ್ಲ ಎಂಬ ಪಾಠ ಅಲ್ಲಿತ್ತು. ಕೊನೆಗೆ 2000ದ ಫೆಬ್ರುವರಿ 28ರಂದು ಬ್ರಿಟನ್ ಸಾಕುಪ್ರಾಣಿ ಪ್ರಯಾಣ ಯೋಜನೆಯನ್ನು ಆರಂಭಿಸಿ, ಮೈಕ್ರೋಚಿಪ್, ಲಸಿಕೆ, ರಕ್ತಪರೀಕ್ಷೆ ಎಂಬ ಮೂರು ಕೊಂಡಿಗಳ ಸರಪಳಿಯನ್ನು ಕ್ವಾರಂಟೈನ್‌ಗೆ ಬದಲಾಗಿ ಒಪ್ಪಿಕೊಂಡಿತು. ಹಲವು ದೇಶಗಳು ಇಂದು ಕೇಳುತ್ತಿರುವುದು ಸ್ವಲ್ಪ ಹೆಚ್ಚುಕಡಿಮೆಯೊಡನೆ ಇದೇ ಸರಪಳಿಯನ್ನು.

ಮೊದಲ ಕೊಂಡಿಯಾದ ಮೈಕ್ರೋಚಿಪ್ ಅಕ್ಕಿಕಾಳಿನಷ್ಟು ಗಾತ್ರದ ಗಾಜಿನ ಕೊಳವೆ. ಪಶುವೈದ್ಯರು ಅದನ್ನು ದಪ್ಪ ಸೂಜಿಯಿಂದ ನಾಯಿಯ ಭುಜಗಳ ನಡುವಿನ ಚರ್ಮದಡಿ ಸೇರಿಸುತ್ತಾರೆ. ಅದರಲ್ಲಿ ಬ್ಯಾಟರಿ ಇರುವುದಿಲ್ಲ. ಓದುವ ಯಂತ್ರವನ್ನು ಹತ್ತಿರ ಹಿಡಿದಾಗ ಆ ಯಂತ್ರದ ಅಲೆಗಳಿಂದಲೇ ಚೈತನ್ಯ ಪಡೆದು 15 ಅಂಕಿಗಳ ಒಂದು ಸಂಖ್ಯೆಯನ್ನು ತಿಳಿಸುತ್ತದೆ. ಅಂತಾರಾಷ್ಟ್ರೀಯ ಮಾನಕ ಸಂಸ್ಥೆಯ 11784 ಮತ್ತು 11785ನೆಯ ಮಾನಕಗಳಿಗೆ ಹೊಂದುವ ಚಿಪ್ಪನ್ನೇ ಹಾಕಿಸಬೇಕು, ಇಲ್ಲವಾದರೆ ಇನ್ನೊಂದು ದೇಶದ ಯಂತ್ರ ಅದನ್ನು ಓದದೆ ಹೋಗಬಹುದು. ಚಿಪ್ಪು ನಾಯಿ ಎಲ್ಲಿದೆಯೆಂದು ತಿಳಿಸುವ ಸಾಧನವೆಂಬ ತಪ್ಪು ಕಲ್ಪನೆ ವ್ಯಾಪಕವಾಗಿದೆ. ಅದರ ಕೆಲಸ ಇಷ್ಟೇ, ಕಾಗದದಲ್ಲಿ ಹೆಸರಿಸಿದ ನಾಯಿ ಮತ್ತು ಎದುರಿಗೆ ನಿಂತ ನಾಯಿ ಒಂದೇ ಎಂದು ಸಾರುವುದು.

ಆದ್ದರಿಂದಲೇ ಅನುಕ್ರಮಕ್ಕೆ ಇಲ್ಲಿ ಬಹಳ ಬೆಲೆ. ಚಿಪ್ಪು ಮೊದಲು, ಲಸಿಕೆ ನಂತರ. ಎರಡನ್ನೂ ಒಂದೇ ದಿನ ಮಾಡಿಸಿದರೂ ಚಿಪ್ಪು ಹಾಕಿ, ಓದಿ, ಸಂಖ್ಯೆ ಬರೆದುಕೊಂಡ ಮೇಲೆಯೇ ಚುಚ್ಚುಮದ್ದು ಕೊಡಬೇಕು. ಲಸಿಕೆ ಹಾಕಿದ ವಾರದ ನಂತರ ಚಿಪ್ಪು ಹಾಕಿಸಿದ್ದರೆ, ಆ ಲಸಿಕೆ ಬಿದ್ದದ್ದು ಇದೇ ನಾಯಿಗೆ ಎಂಬುದಕ್ಕೆ ಪುರಾವೆಯಿಲ್ಲವೆಂದು ಯುರೋಪು, ಬ್ರಿಟನ್, ಅಮೆರಿಕದಂಥ ದೇಶಗಳು ಆ ಲಸಿಕೆಯನ್ನೇ ಲೆಕ್ಕಕ್ಕೆ ಹಿಡಿಯುವುದಿಲ್ಲ. ಔಷಧ ದೇಹದಲ್ಲಿ ಕೆಲಸ ಮಾಡುತ್ತಿದ್ದರೂ ಕಾಗದದಲ್ಲಿ ಅದು ಇಲ್ಲದಂತೆಯೇ. ಆಗ ಮತ್ತೆ ಲಸಿಕೆ ಹಾಕಿಸಿ ದಿನಗಳನ್ನು ಮೊದಲಿನಿಂದ ಎಣಿಸಬೇಕಾಗುತ್ತದೆ.

ಎರಡನೆಯ ಕೊಂಡಿ ರೇಬೀಸ್ ಲಸಿಕೆ. ಮರಿಗೆ ತಾಯಿಯ ಹಾಲಿನಿಂದ ಬಂದ ರಕ್ಷಣೆ ಕೆಲವು ವಾರ ಉಳಿದಿದ್ದು ಲಸಿಕೆಯ ಪರಿಣಾಮವನ್ನು ಕುಗ್ಗಿಸುವುದರಿಂದ 12 ವಾರ ತುಂಬುವ ಮೊದಲು ಹಾಕಿದ ಲಸಿಕೆಗೆ ಯುರೋಪಾಗಲಿ ಅಮೆರಿಕವಾಗಲಿ ಮಾನ್ಯತೆ ಕೊಡುವುದಿಲ್ಲ. ಲಸಿಕೆ ಬಿದ್ದೊಡನೆ ದೇಹ ರಕ್ಷಣೆ ಪಡೆಯುವುದೂ ಇಲ್ಲ. ರೋಗಾಣುವನ್ನು ಎದುರಿಸುವ ಪ್ರತಿಕಾಯಗಳೆಂಬ ಪ್ರೋಟೀನುಗಳು ಸಾಕಷ್ಟು ತಯಾರಾಗಲು ಮೂರು ನಾಲ್ಕು ವಾರ ಬೇಕು. ಯುರೋಪಿನ 21 ದಿನ, ಅಮೆರಿಕದ 28 ದಿನ, ಭಾರತದ ಒಂದು ತಿಂಗಳು ಎಲ್ಲವೂ ಈ ತಯಾರಿಯ ಅವಧಿಯನ್ನೇ ಬೇರೆ ಬೇರೆ ಎಚ್ಚರದಿಂದ ಎಣಿಸಿದ ರೀತಿಗಳು. ಹಿಂದಿನ ಲಸಿಕೆಯ ಅವಧಿ ಮುಗಿಯುವುದರೊಳಗೆ ಮುಂದಿನದನ್ನು ಹಾಕಿಸಿದರೆ ಕಾಯುವ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ. ಒಂದೇ ದಿನ ತಪ್ಪಿದರೂ ಮುಂದಿನ ಚುಚ್ಚುಮದ್ದನ್ನು ಮೊದಲ ಲಸಿಕೆಯೆಂದೇ ಪರಿಗಣಿಸಲಾಗುತ್ತದೆ.

ಮೂರನೆಯ ಕೊಂಡಿಯಾದ ರಕ್ತಪರೀಕ್ಷೆಯನ್ನು ಟೈಟರ್ ಪರೀಕ್ಷೆ ಎನ್ನುವುದು ರೂಢಿ. ರಕ್ತದ ಕಣಗಳನ್ನು ಬೇರ್ಪಡಿಸಿದ ಮೇಲೆ ಉಳಿಯುವ ಸೀರಮ್ ಎಂಬ ತಿಳಿದ್ರವದ ಒಂದು ಮಿಲಿಲೀಟರಿನಲ್ಲಿ ಕನಿಷ್ಠ 0.5 ಅಂತಾರಾಷ್ಟ್ರೀಯ ಯೂನಿಟ್ ಪ್ರತಿಕಾಯಗಳಿದ್ದರೆ ಲಸಿಕೆ ಫಲಿಸಿದೆ ಎಂದು ಅರ್ಥ. ರಕ್ತವನ್ನು ಲಸಿಕೆಯಾದ ಕನಿಷ್ಠ 30 ದಿನಗಳ ನಂತರ ತೆಗೆಯಬೇಕು ಮತ್ತು ಪರೀಕ್ಷೆ ನಡೆಯುವ ಪ್ರಯೋಗಾಲಯ, ಹೋಗಬೇಕಾದ ದೇಶದ ಮಾನ್ಯತೆ ಪಡೆದಿರಬೇಕು.

ಲಸಿಕೆಯ ಪತ್ರವಿದ್ದೂ ರಕ್ತವನ್ನೇಕೆ ನೋಡಬೇಕು ಎಂಬ ಪ್ರಶ್ನೆಗೆ 2021ರ ಒಂದು ಘಟನೆ ಉತ್ತರ ಕೊಡುತ್ತದೆ. ಆ ವರ್ಷದ ಜೂನ್‌ನಲ್ಲಿ ಅಜರ್‌ಬೈಜಾನ್‌ನಿಂದ ಅಮೆರಿಕದ ಷಿಕಾಗೊಗೆ 33 ನಾಯಿಗಳು ಬಂದಿಳಿದವು. ಅವುಗಳ ಜೊತೆ ರೇಬೀಸ್ ಲಸಿಕೆಯ ಪತ್ರಗಳೂ ಇದ್ದವು. ನಾಯಿಗಳು ಬೇರೆ ಬೇರೆ ರಾಜ್ಯಗಳ ಮನೆಗಳಿಗೆ ಹಂಚಿಹೋದ ಕೆಲವೇ ದಿನಗಳಲ್ಲಿ ಪೆನ್ಸಿಲ್ವೇನಿಯಾ ಸೇರಿದ್ದ ಒಂದು ನಾಯಿಗೆ ರೇಬೀಸ್ ಇರುವುದು ಪತ್ತೆಯಾಯಿತು. ಉಳಿದವುಗಳ ರಕ್ತವನ್ನು ಪರೀಕ್ಷಿಸಿದಾಗ ಹಲವು ನಾಯಿಗಳಲ್ಲಿ ಸಾಕಷ್ಟು ರಕ್ಷಣೆಯೇ ಇರಲಿಲ್ಲ. ನಾಯಿಗಳ ನಡುವೆ ಹರಡುವ ರೇಬೀಸ್ ತಳಿಯಿಂದ 2007ರಲ್ಲಿ ಮುಕ್ತವೆಂದು ಘೋಷಿಸಿಕೊಂಡಿದ್ದ ಅಮೆರಿಕ, 2021ರ ಜುಲೈ 14ರಿಂದ ಅಪಾಯ ಹೆಚ್ಚಿರುವ ದೇಶಗಳಿಂದ ನಾಯಿಗಳನ್ನು ತರುವುದನ್ನೇ ತಾತ್ಕಾಲಿಕವಾಗಿ ತಡೆಹಿಡಿಯಿತು. ಇದಕ್ಕೂ ಮೊದಲು, 2004ರಲ್ಲಿ, ಮೊರೊಕ್ಕೊದಿಂದ ನಿಯಮ ಮೀರಿ ಫ್ರಾನ್ಸಿನ ಬೋರ್ಡೋ ಪ್ರದೇಶಕ್ಕೆ ತಂದ ಒಂದು ನಾಯಿಮರಿ ರೇಬೀಸ್‌ನಿಂದ ಸತ್ತಾಗ, ಅದರ ಸಂಪರ್ಕಕ್ಕೆ ಬಂದಿದ್ದ ನೂರಕ್ಕೂ ಹೆಚ್ಚು ಜನರಿಗೆ ಚಿಕಿತ್ಸೆ ಕೊಡಬೇಕಾಗಿ ಬಂದಿತ್ತು.

ರಕ್ತಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೂ ಮೂರು ತಿಂಗಳೋ ಆರು ತಿಂಗಳೋ ಕಾಯಿಸುವುದು ಮೊದಲಿಗೆ ಅನ್ಯಾಯವೆನಿಸುತ್ತದೆ. ಇದರ ತರ್ಕ ಸೂಕ್ಷ್ಮವಾದದ್ದು. ಲಸಿಕೆ ಹಾಕುವ ಮೊದಲೇ ನಾಯಿಗೆ ಕಡಿತವಾಗಿ ಸೋಂಕು ತಗುಲಿದ್ದರೆ, ನಂತರದ ಲಸಿಕೆ ರಕ್ತದಲ್ಲಿ ಪ್ರತಿಕಾಯಗಳನ್ನು ತೋರಿಸಬಹುದಾದರೂ ಆಗಲೇ ನರದೊಳಗೆ ಹೊರಟಿರುವ ವೈರಾಣುವನ್ನು ತಡೆಯುವ ಭರವಸೆಯಿಲ್ಲ. ಕಾಯುವ ಅವಧಿ ಇಂಥ ಹಳೆಯ, ಅಡಗಿದ ಸೋಂಕು ಹೊರಗೆ ಬರಲು ಕೊಟ್ಟ ಸಮಯ. ಯುರೋಪಿಯನ್ ಒಕ್ಕೂಟ ರಕ್ತ ತೆಗೆದ ದಿನದಿಂದ ಮೂರು ತಿಂಗಳನ್ನು ಸಾಕೆಂದುಕೊಂಡಿದೆ; 1957ರ ನಂತರ ತನ್ನ ನೆಲದ ನಾಯಿಗಳಲ್ಲಿ ರೇಬೀಸ್ ಕಾಣದ ಜಪಾನ್ ಸುಪ್ತಾವಧಿಯ ತುದಿಯವರೆಗೂ ಎಣಿಸಿ 180 ದಿನ ಕೇಳುತ್ತದೆ. ಆಸ್ಟ್ರೇಲಿಯಾದ ಎಣಿಕೆಯೂ 180 ದಿನದ್ದೇ. ಅದರ ಮೇಲೆ ಮೆಲ್ಬರ್ನ್ ಬಳಿಯ ಮಿಕಲ್‌ಹ್ಯಾಮ್‌ನ ಸರ್ಕಾರಿ ಕೇಂದ್ರದಲ್ಲಿ ಕನಿಷ್ಠ 10 ದಿನದ ಕ್ವಾರಂಟೈನ್ ಇರುತ್ತದೆ. ಭಾರತದಂಥ ದೇಶದಿಂದ ನೇರವಾಗಿ ನಾಯಿಯನ್ನು ಕರೆತರಲು ಆಸ್ಟ್ರೇಲಿಯಾ ಬಿಡುವುದೇ ಇಲ್ಲ, ನಡುವೆ ಅದು ಒಪ್ಪಿದ ಬೇರೊಂದು ದೇಶದಲ್ಲಿ ಸಿದ್ಧತೆ ನಡೆಯಬೇಕು.

ಈ ತರ್ಕವನ್ನು ಹಿಂದಿರುಗುವವರ ಸ್ಥಿತಿಗೆ ಅನ್ವಯಿಸಿದಾಗ ನಿಯಮದೊಳಗಿನ ಒಂದು ದೊಡ್ಡ ರಿಯಾಯಿತಿ ಕಣ್ಣಿಗೆ ಬೀಳುತ್ತದೆ. ರೋಗವಿಲ್ಲದ ದೇಶದಲ್ಲಿ ಇದ್ದಾಗಲೇ ನಾಯಿಗೆ ಲಸಿಕೆ ಹಾಕಿಸಿ, ಅಲ್ಲಿಯೇ ರಕ್ತಪರೀಕ್ಷೆ ಮಾಡಿಸಿದ್ದರೆ, ಪರೀಕ್ಷೆಗೆ ಮೊದಲು ಸೋಂಕು ತಗುಲಿರುವ ಸಂಶಯವೇ ಹುಟ್ಟುವುದಿಲ್ಲ. ಸಂಶಯವಿಲ್ಲದ ಕಡೆ ಕಾಯಿಸುವುದಕ್ಕೂ ಕಾರಣವಿಲ್ಲ. ಹೀಗಾಗಿ ಜರ್ಮನಿಯಲ್ಲಿಯೋ ನೆದರ್ಲೆಂಡ್ಸ್‌ನಲ್ಲಿಯೋ ನೆಲೆಸಿದ ಕುಟುಂಬ ತನ್ನ ನಾಯಿಯ ಟೈಟರ್ ಪರೀಕ್ಷೆಯನ್ನು ಯುರೋಪು ಬಿಡುವ ಮುನ್ನ ಮಾಡಿಸಿ, ಯುರೋಪಿನ ಸಾಕುಪ್ರಾಣಿ ಪಾಸ್‌ಪೋರ್ಟ್‌ನಲ್ಲಿ ಅದನ್ನು ಪಶುವೈದ್ಯರಿಂದ ನಮೂದಿಸಿಕೊಂಡಿದ್ದರೆ, ಭಾರತದಿಂದ ಮರಳುವಾಗ ಮೂರು ತಿಂಗಳ ಕಾಯುವಿಕೆ ಅದಕ್ಕೆ ಅನ್ವಯಿಸುವುದಿಲ್ಲ. ಮುಂದಿನ ಲಸಿಕೆಗಳನ್ನು ಒಂದನ್ನೂ ತಪ್ಪಿಸದೆ ಹಾಕಿಸುತ್ತ ಬಂದರೆ ಒಮ್ಮೆ ಮಾಡಿಸಿದ ಆ ಪರೀಕ್ಷೆ ನಾಯಿಯ ಆಯುಷ್ಯಪೂರ್ತಿ ಸಲ್ಲುತ್ತದೆ. ಅದನ್ನು ಮರೆತು ಬೆಂಗಳೂರಿಗೋ ಮೈಸೂರಿಗೋ ಬಂದವರಿಗೆ ಲೆಕ್ಕ ಬೇರೆಯೇ ಆಗುತ್ತದೆ: ಲಸಿಕೆ ಜನವರಿ 1ಕ್ಕೆ ಬಿದ್ದರೆ ರಕ್ತ ತೆಗೆಯುವುದು ಜನವರಿ 31ಕ್ಕಿಂತ ಮೊದಲು ಸಾಧ್ಯವಿಲ್ಲ, ಅಲ್ಲಿಂದ ಮೂರು ತಿಂಗಳೆಂದರೆ ಏಪ್ರಿಲ್ ಕೊನೆ, ನಾಲ್ಕು ತಿಂಗಳಿಗಿಂತ ಕಡಿಮೆ ಅವಧಿಯಲ್ಲಿ ಹಿಂದಿರುಗುವ ದಾರಿಯಿಲ್ಲ. ಬ್ರಿಟನ್ನಿಗೆ ಮರಳುವವರಿಗೂ ಇದೇ ಬಗೆಯ ಲೆಕ್ಕ ಅನ್ವಯಿಸುತ್ತದೆ; ಜೊತೆಗೆ ಅಲ್ಲಿಗೆ ನಾಯಿ ತಲುಪುವ 24ರಿಂದ 120 ಗಂಟೆಗಳ ಮುಂಚೆ ಪಶುವೈದ್ಯರು ಲಾಡಿಹುಳುವಿನ ಔಷಧ ಕೊಟ್ಟು, ಕೊಟ್ಟ ದಿನ ಮತ್ತು ಗಳಿಗೆಯನ್ನು ಬರೆದಿರಬೇಕು.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರಿಗೆ ಹತ್ತಿರದ ಸಂಗತಿಯೆಂದರೆ 2024ರ ಆಗಸ್ಟ್ 1ರಿಂದ ಜಾರಿಗೆ ಬಂದ ಹೊಸ ನಿಯಮ. ಅಲ್ಲಿನ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರ, ಅಂದರೆ ಸಿಡಿಸಿ, ರೂಪಿಸಿದ ಈ ನಿಯಮದಂತೆ ಯಾವ ದೇಶದಿಂದ ಬರುವ ನಾಯಿಯಾದರೂ ಆರು ತಿಂಗಳು ತುಂಬಿರಬೇಕು, ಚಿಪ್ಪು ಹೊಂದಿರಬೇಕು, ಆನ್‌ಲೈನ್‌ನಲ್ಲಿ ತುಂಬಿದ ಆಮದು ಅರ್ಜಿಯ ರಸೀದಿ ಜೊತೆಗಿರಬೇಕು. ಹಿಂದಿನ ಆರು ತಿಂಗಳಲ್ಲಿ ನಾಯಿ ಭಾರತದಂಥ ಹೆಚ್ಚು ಅಪಾಯದ ಪಟ್ಟಿಯ ದೇಶದಲ್ಲಿ ಇದ್ದಿದ್ದರೆ ನಿಯಮ ಎರಡು ದಾರಿಗಳಾಗಿ ಕವಲೊಡೆಯುತ್ತದೆ. ನಾಯಿಗೆ ಲಸಿಕೆ ಅಮೆರಿಕದಲ್ಲಿಯೇ ಬಿದ್ದಿದ್ದು, ಅದನ್ನು ದೃಢೀಕರಿಸುವ ನಿಗದಿತ ನಮೂನೆಯನ್ನು ಮಾನ್ಯತೆ ಪಡೆದ ಪಶುವೈದ್ಯರು ತುಂಬಿ, ಅಲ್ಲಿನ ಕೃಷಿ ಇಲಾಖೆಯ ಅಧಿಕಾರಿ ನಾಯಿ ದೇಶ ಬಿಡುವ ಮುನ್ನವೇ ಮೇಲುರುಜು ಹಾಕಿದ್ದರೆ ಮರಳುವ ದಾರಿ ಸಲೀಸು. ಆ ನಮೂನೆ ಇಲ್ಲದಿದ್ದರೆ ನಾಯಿಯನ್ನು ವಿದೇಶದಲ್ಲಿ ಲಸಿಕೆ ಪಡೆದ ನಾಯಿಯಂತೆ ಕಾಣಲಾಗುತ್ತದೆ: ಭಾರತದ ಸರ್ಕಾರಿ ಪಶುವೈದ್ಯರ ಮೇಲುರುಜು ಇರುವ ಬೇರೊಂದು ನಮೂನೆ ಬೇಕು, ಸಿಡಿಸಿ ಒಪ್ಪಿದ ಪ್ರಯೋಗಾಲಯದ ಟೈಟರ್ ಫಲಿತಾಂಶ ಬೇಕು, ಇಳಿಯುವ ವಿಮಾನ ನಿಲ್ದಾಣ ನೋಂದಾಯಿತ ಪ್ರಾಣಿ ಆರೈಕೆ ಕೇಂದ್ರವಿರುವ ಕೆಲವೇ ನಿಲ್ದಾಣಗಳಲ್ಲಿ ಒಂದಾಗಿರಬೇಕು, ಆ ಕೇಂದ್ರದಲ್ಲಿ ಮುಂಗಡವಾಗಿ ಜಾಗ ಕಾದಿರಿಸಿರಬೇಕು, ಇಳಿದ ಮೇಲೆ ಅಲ್ಲಿ ತಪಾಸಣೆಯಾಗಿ ಮತ್ತೊಮ್ಮೆ ಲಸಿಕೆ ಹಾಕಬೇಕು. ಟೈಟರ್ ಫಲಿತಾಂಶವಿಲ್ಲದಿದ್ದರೆ ಅದೇ ಕೇಂದ್ರದಲ್ಲಿ 28 ದಿನ ನಾಯಿ ಒಂಟಿಯಾಗಿ ಕಳೆಯಬೇಕು. ಬೆಕ್ಕುಗಳಿಗೆ ಸಿಡಿಸಿ ರೇಬೀಸ್ ಲಸಿಕೆಯ ಪತ್ರ ಕೇಳುವುದಿಲ್ಲ.

ಕ್ಯಾಲಿಫೋರ್ನಿಯಾದ ಕುಟುಂಬವೊಂದು ಎರಡು ವರ್ಷದ ಕೆಲಸದ ಮೇಲೆ ನಾಯಿಯೊಡನೆ ಬೆಂಗಳೂರಿಗೆ ಬರುವುದಾದರೆ ಈ ನಿಯಮದಲ್ಲಿ ಅಡಗಿದ ಇನ್ನೊಂದು ತೊಡಕನ್ನು ಗಮನಿಸಬೇಕು. ಅಮೆರಿಕದಲ್ಲಿ ರೇಬೀಸ್ ಲಸಿಕೆಗಳು ಒಂದು ವರ್ಷದ ಅಥವಾ ಮೂರು ವರ್ಷದ ಅವಧಿಯವು. ಹೊರಡುವಾಗ ಕೈಯಲ್ಲಿದ್ದ ಮೇಲುರುಜಿನ ನಮೂನೆ ಅದರಲ್ಲಿ ನಮೂದಾದ ಲಸಿಕೆಯ ಅವಧಿಯವರೆಗೆ ಮಾತ್ರ ಜೀವಂತ. ಒಂದು ವರ್ಷದ ಲಸಿಕೆಯಾಗಿದ್ದು, ಬೆಂಗಳೂರಿನಲ್ಲಿರುವಾಗ ಅದು ಮುಗಿದು, ಇಲ್ಲಿನ ವೈದ್ಯರು ಮುಂದಿನ ಲಸಿಕೆ ಹಾಕಿದರೆ ಆ ಕ್ಷಣದಿಂದ ನಾಯಿ ವಿದೇಶದಲ್ಲಿ ಲಸಿಕೆ ಪಡೆದ ನಾಯಿಗಳ ಗುಂಪಿಗೆ ಸೇರುತ್ತದೆ. ಹೊರಡುವ ಮುಂಚೆ ಅಲ್ಲಿನ ವೈದ್ಯರೊಡನೆ ಮಾತಾಡಿ, ಮರಳುವ ದಿನದವರೆಗೂ ಅವಧಿ ಚಾಚುವಂತೆ ಮೂರು ವರ್ಷದ ಲಸಿಕೆಯನ್ನು ಹಾಕಿಸಿಕೊಂಡಿದ್ದರೆ ಈ ತೊಡಕು ಬರುತ್ತಿರಲಿಲ್ಲ. ಟಿಕೆಟ್ ಕೈಗೆ ಬಂದ ಮೇಲೆ ಇದನ್ನೆಲ್ಲ ಹುಡುಕಲು ಹೊರಡುವುದು ಬಾಯಾರಿದಾಗ ಬಾವಿ ತೋಡಿದಂತೆ.

ಭಾರತಕ್ಕೆ ಬರುವ ದಾರಿಯ ಕಾಗದಗಳ ಸ್ವರೂಪ ಸ್ವಲ್ಪ ಬೇರೆ. ಇಲ್ಲಿ ರೋಗ ಮೊದಲೇ ಇರುವುದರಿಂದ ಟೈಟರ್ ಪರೀಕ್ಷೆಗಿಂತ ಅನುಮತಿಗೆ ಮತ್ತು ಆರೋಗ್ಯ ಪ್ರಮಾಣಪತ್ರಕ್ಕೆ ಹೆಚ್ಚು ಒತ್ತಿದೆ. ಇದರ ಕಾನೂನಿನ ಬೇರು 1898ರ ಜಾನುವಾರು ಆಮದು ಅಧಿನಿಯಮದಷ್ಟು ಹಿಂದಕ್ಕೆ ಹೋಗುತ್ತದೆ; 2001ರಲ್ಲಿ ಅದಕ್ಕೆ ತಿದ್ದುಪಡಿಯಾಯಿತು. ಕೇಂದ್ರ ಪಶುಸಂಗೋಪನೆ ಮತ್ತು ಹೈನುಗಾರಿಕೆ ಇಲಾಖೆಯ ಅಡಿಯಲ್ಲಿ ಕೆಲಸ ಮಾಡುವ ಪ್ರಾಣಿ ಕ್ವಾರಂಟೈನ್ ಮತ್ತು ಪ್ರಮಾಣೀಕರಣ ಸೇವೆ ಎಂಬ ಸಂಸ್ಥೆಯಿಂದ, ಪ್ರಯಾಣಕ್ಕೆ ಮೊದಲೇ ನಿರಾಕ್ಷೇಪಣಾ ಪತ್ರ, ಅಂದರೆ ಜನರ ಮಾತಿನಲ್ಲಿ ಎನ್‌ಒಸಿ, ಪಡೆಯಬೇಕು. ಹೊರಡುವ ದೇಶದ ಸರ್ಕಾರಿ ಪಶುವೈದ್ಯರು ನೀಡಿದ ಆರೋಗ್ಯ ಪ್ರಮಾಣಪತ್ರ, ಚಿಪ್ಪಿನ ಸಂಖ್ಯೆ, ಕನಿಷ್ಠ ಒಂದು ತಿಂಗಳ ಹಿಂದೆ ಹಾಕಿಸಿದ ಮತ್ತು ಅವಧಿ ಮುಗಿಯದ ರೇಬೀಸ್ ಲಸಿಕೆಯ ದಾಖಲೆ ಇವು ಅದಕ್ಕೆ ಆಧಾರ. ನಾಯಿಗೆ ಡಿಸ್ಟೆಂಪರ್, ಪಾರ್ವೊ, ಹೆಪಟೈಟಿಸ್, ಲೆಪ್ಟೊಸ್ಪೈರೋಸಿಸ್ ರೋಗಗಳ ವಿರುದ್ಧ ಲಸಿಕೆಯಾಗಿರಬೇಕೆಂಬುದೂ ಕ್ರಮದಲ್ಲಿದೆ. ಕಾಗದಗಳಲ್ಲಿ ಕೊರತೆ ಕಂಡರೆ ಪ್ರಾಣಿಯನ್ನು ಕ್ವಾರಂಟೈನ್‌ನಲ್ಲಿ ಇರಿಸುವ ಅಥವಾ ಬಂದ ದೇಶಕ್ಕೇ ಮರಳಿ ಕಳಿಸುವ ಅಧಿಕಾರ ಈ ಸಂಸ್ಥೆಯ ಅಧಿಕಾರಿಗಳಿಗಿದೆ.

ಸುಂಕ ಇಲಾಖೆಯ ಶರತ್ತು ಇದರಿಂದ ಪ್ರತ್ಯೇಕವಾದದ್ದು ಮತ್ತು ಹಲವರು ಎಡವುವುದು ಇಲ್ಲಿಯೇ. ಇಲಾಖೆಯ 2013ರ ಸುತ್ತೋಲೆಯ ಪ್ರಕಾರ, ಎರಡು ವರ್ಷ ಸತತವಾಗಿ ವಿದೇಶದಲ್ಲಿದ್ದು ವಾಸವನ್ನೇ ಭಾರತಕ್ಕೆ ಬದಲಾಯಿಸುತ್ತಿರುವವರು ಎರಡು ಸಾಕುಪ್ರಾಣಿಗಳನ್ನು ತಮ್ಮ ಸರಂಜಾಮಿನ ಭಾಗವಾಗಿ ತರಬಹುದು. ಈ ವರ್ಗಕ್ಕೆ ಸೇರದವರು ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪರವಾನಗಿ ಪಡೆಯಬೇಕಾಗುತ್ತದೆ. ತಳಿ ಬೆಳೆಸಿ ಮಾರುವ ಉದ್ದೇಶದಿಂದ ನಾಯಿ ತರುವುದನ್ನು 2016ರಲ್ಲಿ ನಿಷೇಧಿಸಲಾಗಿದ್ದು, ಸಾಕುಪ್ರಾಣಿಯೆಂಬ ನೆಪದಲ್ಲಿ ವ್ಯಾಪಾರ ನುಸುಳದಂತೆ ತಡೆಯುವುದೂ ಈ ಬಿಗಿಯ ಹಿಂದಿನ ಕಾರಣಗಳಲ್ಲಿ ಒಂದು. ಇನ್ನೊಂದು ವಿಷಯ ಕರಾವಳಿಯ ಕುಟುಂಬಗಳಿಗೆ ಮುಖ್ಯವಾದದ್ದು: ಸಾಕುಪ್ರಾಣಿಗಳು ಬಂದಿಳಿಯಬಹುದಾದದ್ದು ಕ್ವಾರಂಟೈನ್ ಸೇವೆಯ ಕೇಂದ್ರವಿರುವ ಬೆಂಗಳೂರು, ಚೆನ್ನೈ, ಮುಂಬಯಿ, ಹೈದರಾಬಾದ್, ದೆಹಲಿ, ಕೋಲ್ಕತ್ತದಂಥ ಕೆಲವೇ ನಗರಗಳಲ್ಲಿ. ದುಬೈನಿಂದಲೋ ಅಬುಧಾಬಿಯಿಂದಲೋ ಮಂಗಳೂರಿಗೆ ನೇರ ವಿಮಾನವಿದ್ದರೂ, ಬೆಕ್ಕನ್ನು ಕರೆತರುವವರು ಬೆಂಗಳೂರಿನಂಥ ನಿಲ್ದಾಣದಲ್ಲಿ ಇಳಿದು ಘಾಟಿ ದಾಟಿ ಊರು ಸೇರಬೇಕಾಗುತ್ತದೆ.

ಇಷ್ಟು ನಿಯಮಗಳೂ ಕೊನೆಗೆ ಒಂದೆರಡು ಹಾಳೆಗಳ ಮೇಲೆ ಬಂದು ನಿಲ್ಲುವುದರಿಂದ ಆ ಹಾಳೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಲಸಿಕೆಯ ದಾಖಲೆಯಲ್ಲಿ ಔಷಧದ ಸೀಸೆಯಿಂದ ಸುಲಿದು ಅಂಟಿಸಿದ ಪುಟ್ಟ ಚೀಟಿ ಇರುತ್ತದೆ. ತಯಾರಕರ ಹೆಸರು, ಔಷಧದ ಬ್ಯಾಚ್ ಸಂಖ್ಯೆ, ಬಳಕೆಯ ಕೊನೆಯ ದಿನ ಅದರಲ್ಲಿರುತ್ತವೆ. ಪಕ್ಕದಲ್ಲಿ ಹಾಕಿದ ದಿನ, ಮುಂದಿನ ಲಸಿಕೆಯ ದಿನ, ವೈದ್ಯರ ಸಹಿ, ನೋಂದಣಿ ಸಂಖ್ಯೆ, ಮೊಹರು. ನೋಟಕ್ಕೆ ಸಣ್ಣದಾದ ಈ ಅಂಶಗಳಲ್ಲಿಯೇ ತಪ್ಪುಗಳು ಹುಟ್ಟುತ್ತವೆ. 15 ಅಂಕಿಗಳ ಸಂಖ್ಯೆಯಲ್ಲಿ ಎರಡು ಅಂಕಿ ಅದಲುಬದಲಾದರೆ ಕಾಗದ ಬೇರೊಂದು ನಾಯಿಯದಾಗುತ್ತದೆ. ಭಾರತದ ವೈದ್ಯರು 05/04 ಎಂದು ಬರೆದರೆ ಅದು ಏಪ್ರಿಲ್ ಐದು. ಅಮೆರಿಕದ ಅಧಿಕಾರಿ ಅದನ್ನು ಮೇ ನಾಲ್ಕು ಎಂದು ಓದುತ್ತಾರೆ, ಆಗ 30 ದಿನದ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆಸುವುದು, ಪ್ರತಿ ಭೇಟಿಯಲ್ಲಿಯೂ ಚಿಪ್ಪನ್ನು ಯಂತ್ರದಿಂದ ಓದಿಸಿ ಕಾಗದದೊಡನೆ ಅಂಕಿ ಅಂಕಿಯಾಗಿ ಹೋಲಿಸುವುದು, ಹಳೆಯ ಲಸಿಕೆ ಪುಸ್ತಕವನ್ನು ಎಸೆಯದೆ ಇಟ್ಟುಕೊಳ್ಳುವುದು ಇವು ಖರ್ಚಿಲ್ಲದ ಎಚ್ಚರಿಕೆಗಳು. ಆರೋಗ್ಯ ಪ್ರಮಾಣಪತ್ರದ ಆಯುಷ್ಯ ಬಹಳ ಚಿಕ್ಕದು. ಯುರೋಪಿಗೆ ಹೋಗುವ ಪತ್ರ ನೀಡಿದ ದಿನದಿಂದ 10 ದಿನದೊಳಗೆ ಗಡಿ ದಾಟಬೇಕು. ಚಿಪ್ಪು, ಲಸಿಕೆ, ರಕ್ತಪರೀಕ್ಷೆಗಳನ್ನು ತಿಂಗಳುಗಳ ಮುಂಚೆ ಮುಗಿಸಿದರೂ ಈ ಪತ್ರವನ್ನು ಮಾತ್ರ ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಕು. ದೇಶಗಳು ಪಟ್ಟಿಗಳನ್ನೂ ನಮೂನೆಗಳನ್ನೂ ಆಗಾಗ ಬದಲಿಸುವುದರಿಂದ, ಪ್ರಯಾಣ ನಿಶ್ಚಯವಾದೊಡನೆ ಒಮ್ಮೆ, ಹೊರಡುವ ಮುನ್ನ ಇನ್ನೊಮ್ಮೆ ಸಂಬಂಧಪಟ್ಟ ಸರ್ಕಾರದ ಅಧಿಕೃತ ಪ್ರಕಟಣೆಯನ್ನೇ ನೋಡುವುದು ಕ್ಷೇಮ.

ಭಾರತದ ಹೆಸರು ಅಮೆರಿಕದ ಅಪಾಯದ ಪಟ್ಟಿಯಲ್ಲಿಯೂ, ಯುರೋಪಿನ ರಕ್ತಪರೀಕ್ಷೆ ಬೇಡುವ ದೇಶಗಳ ಸಾಲಿನಲ್ಲಿಯೂ ಏಕಿದೆ ಎಂಬ ಪ್ರಶ್ನೆಯನ್ನು ಎದುರಿಸದೆ ಈ ಚರ್ಚೆ ಪೂರ್ಣವಾಗದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 59,000 ಜನ ರೇಬೀಸ್‌ನಿಂದ ಸಾಯುತ್ತಾರೆ. ಅವರಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಜನ ಭಾರತದವರು, ಅನೇಕರು ಮಕ್ಕಳು. ಮನುಷ್ಯರಿಗೆ ತಗಲುವ ಸೋಂಕಿನಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದ ಬರುತ್ತದೆ. ಈ ಸಾವುಗಳನ್ನು ತಡೆಯುವ ಜ್ಞಾನ ದೂರದಲ್ಲೇನೂ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್ ರೇಬೀಸ್ ಸಂಶೋಧನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗಿ ಕೇಂದ್ರ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ರೇಬೀಸ್ ಪ್ರಯೋಗಾಲಯ ವಿಶ್ವ ಪ್ರಾಣಿ ಆರೋಗ್ಯ ಸಂಸ್ಥೆಯ ಮಾನ್ಯತೆ ಪಡೆದ ಆಕರ ಪ್ರಯೋಗಾಲಯ. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ಕೊನೆಗಾಣಿಸುವ ರಾಷ್ಟ್ರೀಯ ಕ್ರಿಯಾಯೋಜನೆಯನ್ನು ಕೇಂದ್ರ ಸರ್ಕಾರ 2021ರಲ್ಲಿಯೇ ಪ್ರಕಟಿಸಿದೆ.

ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ರಷ್ಟಕ್ಕೆ ಲಸಿಕೆ ಹಾಕಿ, ಅದನ್ನು ವರ್ಷ ವರ್ಷ ತಪ್ಪಿಸದೆ ಮುಂದುವರಿಸಿದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ಹಲವು ದೇಶಗಳು ಕಂಡುಕೊಂಡ ಸತ್ಯ. ವಿಮಾನ ನಿಲ್ದಾಣದ ಮೇಜಿನ ಮೇಲೆ ಹರಡುವ ಕಾಗದಗಳ ಕಟ್ಟನ್ನು ಈ ಬೆಳಕಿನಲ್ಲಿ ನೋಡಬೇಕು. ಮನೆಯೊಳಗೆ ಅಕ್ಕರೆಯಿಂದ ಬೆಳೆದು, ಎಲ್ಲ ಲಸಿಕೆಗಳನ್ನೂ ಪಡೆದ ನಾಯಿಯೊಂದು ರಕ್ತ ಕೊಟ್ಟು ತಿಂಗಳುಗಟ್ಟಲೆ ಕಾಯಬೇಕಾಗಿ ಬರುವುದು ಅದರ ತಪ್ಪಿನಿಂದಲ್ಲ; ಅದೇ ಬೀದಿಯ ತಿರುವಿನಲ್ಲಿ ಮಲಗಿರುವ, ಯಾರೂ ಲಸಿಕೆ ಹಾಕಿಸದ ನಾಯಿಯ ಪರವಾಗಿ ಅದು ಜಾಮೀನು ಕೊಡುತ್ತಿದೆ. ತನ್ನ ನಾಯಿಯನ್ನು ಕಡಲಾಚೆಯಿಂದ ಮನೆಗೆ ತರಲು ಇಷ್ಟು ಶ್ರದ್ಧೆ ವಹಿಸುವ ಕುಟುಂಬ, ಊರಿನಲ್ಲಿ ಪಾಲಿಕೆಯೋ ಪಂಚಾಯಿತಿಯೋ ಲಸಿಕೆ ಶಿಬಿರ ನಡೆಸಿದ ದಿನ ಬೀದಿಯ ನಾಯಿಯನ್ನೂ ಕರೆದು ಅಲ್ಲಿ ನಿಲ್ಲಿಸಿದರೆ, ಮುಂದೊಂದು ದಿನ ಹಿಂದಿರುಗುವವರ ಕಾಗದದ ಕಟ್ಟು ತೆಳ್ಳಗಾಗುತ್ತದೆ. ಅದಕ್ಕಿಂತ ಮೊದಲು, ಆ ಬೀದಿಯಲ್ಲಿ ಆಡುವ ಮಗುವಿನ ಪ್ರಾಣ ಉಳಿಯುತ್ತದೆ.